ಸೋದರತ್ತೆಯ ಗುದ್ದು

"ಒಲ್ಲೆರಿ, ಹೊಟ್ಟಿ ಉರೀತೈತಿ," ಅಂದುಬಿಟ್ಟಳು ಗೌರವ್ವ, ಮಿರ್ಚಿಭಜಿಯ ತಾಟನ್ನು ಆಚೆ ಸರಿಸುತ್ತ.

ಆ ಮಾತು ಬೇರೆಯವರ ಕಿವಿಗೆ ಹೇಗೆ ಬಿದ್ದೀತೆಂದು ಹೊಳೆದದ್ದು ಆಮೇಲೆ. ತೊಟ್ಟಿಲ ಸುತ್ತ ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಣಂತಿ ಶ್ವೇತಾ ಗೌರವ್ವನ ತಮ್ಮನ ಹೆಂಡತಿ. ಅವಳ ಅಜ್ಜಿ ಮುದುಕವ್ವ, ಮದುವೆಯಾಗಿ ಹದಿನಾರು ವರ್ಷವಾದರೂ ಮಡಿಲು ತುಂಬದ ಈ ಬೀಗತಿಯನ್ನು ಒಮ್ಮೆ ದಿಟ್ಟಿಸಿದಳು. ಗೌರವ್ವನ ತೊಡೆಯ ಮೇಲಿದ್ದ ಕೂಸನ್ನು ಮೆಲ್ಲಗೆ ಎತ್ತಿಕೊಂಡು, ಹಾಲು ಕುಡಿಸುವ ಹೊತ್ತಾಯಿತು ಎಂದು ಒಳಗೆ ನಡೆದಳು.

ಪಾಪ, ಗೌರವ್ವನದು ಖರೆಯೇ ಉರಿ. ನರಗುಂದದ ಡಾಕ್ಟರು ಹೋದ ತಿಂಗಳಷ್ಟೇ ತಿಳಿಹೇಳಿದ್ದರು. ಹೊಟ್ಟೆಯ ಹುಳಿ ಮೇಲಕ್ಕೆ ಉಕ್ಕಿ ಎದೆ ಸುಡುತ್ತದೆ. ಖಾರ, ಕರಿದದ್ದು ಬಿಡಬೇಕು, ಬರಿ ಹೊಟ್ಟೆಗೆ ಚಹಾ ಬೇಡ, ಸ್ವಲ್ಪಸ್ವಲ್ಪ ಉಣ್ಣಬೇಕು, ಉಂಡಕೂಡಲೇ ಅಡ್ಡಾಗಬಾರದು. ಅವರೇನೋ ಎದೆ ಉರಿ ಎಂದೇ ಅಂದಿದ್ದರು. ಶುಭಕಾರ್ಯದ ಮನೆಯಲ್ಲಿ ಎದೆ ಅಂದರೆ ಹಾರ್ಟಿನ ಬೇನೆಯೆಂದು ಗಾಬರಿಯಾದಾರು ಅಂತ ಇವಳು ಹೊಟ್ಟೆ ಅಂದಿದ್ದಳು.

ಗಜೇಂದ್ರಗಡದಿಂದ ಅಬ್ಬಿಗೇರಿಗೆ ಅವಳು ಬಂದದ್ದೇ ತಮ್ಮ ಕಳಕೇಶನ ಮಗಳ ಕಿವಿಯಲ್ಲಿ ಹೆಸರು ಹೇಳುವುದಕ್ಕೆ. ಅದು ಸೋದರತ್ತೆಯ ಹಕ್ಕು. ಹೇಳಿದ ಮೇಲೆ ಹೆಂಗಸರೆಲ್ಲ ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಎಂಟು ದಿನದಿಂದ ರೊಟ್ಟಿ ಬಡಿಯುವಾಗಲೂ 'ಅಕ್ಷತಾ, ಅಕ್ಷತಾ' ಎಂದು ಬಾಯಿಪಾಠ ಮಾಡಿದ್ದಳು. ಆ ಗುದ್ದು ತಿನ್ನುವ ಆಸೆ ಅವಳಿಗೆ ಬಹಳವಿತ್ತು.

ಡಾಕ್ಟರ ಮಾತನ್ನು ಬಿಡಿಸಿ ಹೇಳಹೋದಳು. ಯಾರಿಗೂ ಕೇಳುವ ಮನಸ್ಸಿರಲಿಲ್ಲ. ಕಡೆಗೆ ತಾನೇ ತಾಟೆಳೆದುಕೊಂಡು ಒಂದು ಮಿರ್ಚಿ ತಿಂದಳು. ಯಾವ ಉರಿಯೂ ಇಲ್ಲವೆಂದು ತೋರಿಸಲು ಇನ್ನೊಂದನ್ನೂ ತಿಂದಳು. ಬೆಂಕಿ ಗಂಟಲ ತನಕ ಏರಿ ಕಣ್ಣಿಂದ ದಳದಳ ನೀರಿಳಿಯಿತು.

"ನೋಡ್ರಿ, ಅಳಾಕ ಹತ್ತ್ಯಾಳ," ಎಂದು ಯಾರೋ ಪಿಸುಗುಟ್ಟಿದರು.

ಹೆಸರಿಡಲು ಗೌರವ್ವನ ಬದಲು ಕಳಕೇಶನ ದೊಡ್ಡಪ್ಪನ ಮಗಳನ್ನು ಕರೆದರು. ಗೌರವ್ವ ಗೋಡೆಗೊರಗಿ ಕೂತು ಗುದ್ದಿನ ಸದ್ದು, ನಗು ಎರಡನ್ನೂ ಕೇಳಿದಳು. ತಮ್ಮ ನೆಲ ನೋಡುತ್ತ ನಿಂತಿದ್ದ. ಅದು ಅವಳಿಗೆ ಮಿರ್ಚಿಗಿಂತ ಹೆಚ್ಚು ಸುಟ್ಟಿತು.

ಸಂಜೆ ಕಳಕೇಶ ಬಸ್ಸಿನ ತನಕ ಬಂದ. ಮುದುಕಿ ಮಾಡಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದ.

"ನನಗ ಖರೇನ ಬ್ಯಾನಿ ಐತೋ ತಮ್ಮಾ," ಎಂದಳು.

"ಹೂಂ, ಯಕ್ಕಾ," ಎಂದ ಅವನು, ಬಸ್ಸಿನ ಬೋರ್ಡು ಓದುತ್ತ.

ಹಿಂದಿನ ಸೀಟು ಸಿಕ್ಕಿತು. ಊರು ದಾಟಿದ ಮೇಲೆ ಗೌರವ್ವ ತುಟಿಯಲ್ಲೇ 'ಅಕ್ಷತಾ' ಅಂದಳು. ಬಸ್ಸು ಗುಂಡಿಗೆ ಇಳಿಯಿತು. ಸೀಟಿನ ಕಬ್ಬಿಣ ಅವಳ ಬೆನ್ನಿಗೆ ಗುದ್ದಿತು. ಮುಂದೆ ಸರಿದು ಕೂರಮ್ಮ ಎಂದು ಪಕ್ಕದಾಕೆ ಹೇಳಿದಳು. ಗೌರವ್ವ ಸರಿಯಲಿಲ್ಲ.