ಮಡಿಲ ತುಂಬ ಜವೆಗೋಧಿ

ಎಸೆನನ ಕುದುರೆ ಜೀರ್ದೆ ಓಡಿದರೆ ಅದರ ನೆರಳು ಅರ್ಧ ಗಳಿಗೆ ತಡವಾಗಿ ಬಂದು ಸೇರುತ್ತಿತ್ತು. ಅದರ ಹೊಟ್ಟೆಯ ಗುಡುಗುಡು ಕೇಳಿ ಮೂರು ಕಣಿವೆಯಾಚೆಯ ಕುರಿಗಾಹಿಗಳು ಮಳೆ ಬಂತೆಂದು ಗುಡಾರದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಎರಡೇ ಕಣಿವೆ ಎನ್ನುವವರು ಹೊಟ್ಟೆಕಿಚ್ಚಿನವರು, ಅವರ ಮಾತು ಬಿಡಿ.

ಆವತ್ತು ಬೆಳಿಗ್ಗೆ ಆ ಹೊಟ್ಟೆ ಸದ್ದು ನಿಲ್ಲಿಸಿತು.

ಎಸೆನನ ಹೆಂಡತಿ ಬುರುಲ್ಚಾ ಹೊರಬಂದಾಗ ಜೀರ್ದೆ ಮುಂಗಾಲಿನಿಂದ ನೆಲ ಕೆರೆಯುತ್ತ, ಮತ್ತೆ ಮತ್ತೆ ಕತ್ತು ಹೊರಳಿಸಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತಿತ್ತು. ಹುಲ್ಲು ಮುಟ್ಟಿರಲಿಲ್ಲ. ಮೊಣಕಾಲೂರಿ ಉರುಳಲು ಹೊರಟಿತು. ಅವಳು ಓಡಿ ಹಗ್ಗ ಜಗ್ಗಿ ಎಬ್ಬಿಸಿದಳು, ಪಕ್ಕೆಗೆ ಕಿವಿ ಹಚ್ಚಿದಳು. ಒಳಗೆ ಪಾಳುಬಾವಿಯ ಮೌನ.

ಎಸೆನ್ ಸತ್ತು ವರ್ಷ ತುಂಬಲು ಇನ್ನು ಹನ್ನೊಂದು ದಿನ. ಅವನು ಹೋದ ದಿನವೇ, ಸತ್ತವನ ಕುದುರೆಯೆಂಬ ಗುರುತಿಗೆ, ಜೀರ್ದೆಯ ಜೂಲು, ಬಾಲ ಕತ್ತರಿಸಿದ್ದರು. ಅಂದಿನಿಂದ ಯಾರೂ ಅದರ ಬೆನ್ನೇರಿರಲಿಲ್ಲ. ವರ್ಷದೂಟದ ದಿನ ಅದನ್ನು ಕೊಯ್ದು ಬಂದವರಿಗೆಲ್ಲ ಬಡಿಸಬೇಕು. ಆಗ ಮಾತ್ರ ಸತ್ತವನಿಗೆ ಆ ಲೋಕದಲ್ಲಿ ಸವಾರಿಗೊಂದು ಕುದುರೆ.

ಮೈದುನ ಕದಿರ್ ಬಂದು ಒಂದು ಸುತ್ತು ಹಾಕಿ ನೋಡಿದ. ಕೈ ಸೊಂಟದ ಚೂರಿಗೆ ಹೋಯಿತು.

"ಅತ್ತಿಗೆ, ಇದು ತಾನಾಗೇ ಸತ್ರೆ ಮಾಂಸ ಹರಾಮು, ನಾಯಿಗೆ ಹಾಕ್ಬೇಕಷ್ಟೆ. ಅಣ್ಣ ಅಲ್ಲಿ ಕಾಲ್ನಡಿಗೇಲಿ ಹೋಗ್ಬೇಕಾ? ಈಗ್ಲೇ ಕೊಯ್ದು, ಉಪ್ಪು ಹಚ್ಚಿ ಒಣಗಿಸಿಡ್ತೀನಿ."

"ಸಣ್ಣ ಹೊಟ್ಟೆನೋವು ಕಣಪ್ಪ. ನಡೆಸಿದ್ರೆ ಹೋಗುತ್ತೆ."

"ಹೋಗದಿದ್ರೆ?"

"ಹೊತ್ತು ಆ ಬೋಳುಗುಡ್ಡದ ಹಿಂದೆ ಇಳಿಯೋವರೆಗೆ ಬಿಡು. ಆಮೇಲೆ ನಾನೇ ಕಾಲು ಕಟ್ಟಿಕೊಡ್ತೀನಿ."

ಕದಿರ್ ಬಂಡೆಯ ಮೇಲೆ ಕೂತು ಚೂರಿ ಮಸೆಯತೊಡಗಿದ. ಬುರುಲ್ಚಾ ನಡೆಸಿದಳು. ಆ ನಡಿಗೆಯನ್ನು ಬಿಚ್ಚಿ ಉದ್ದಕ್ಕೆ ಹಾಸಿದ್ದರೆ ಚೀನಾ ಮುಟ್ಟಿ ಎರಡು ಸಲ ವಾಪಸು ಬರಬಹುದಿತ್ತು. ಗುಡಾರದ ಸುತ್ತ ಹುಲ್ಲು ಸವೆದು ಹಳ್ಳವೇ ಬಿತ್ತು. ಇವತ್ತಿಗೂ ಅದರಲ್ಲಿ ಬಾತುಕೋಳಿ ಈಜುತ್ತವೆ.

"ಅಣ್ಣನ ಹಿಂದೆ ನೀವು ಹೀಗೆ ಸುತ್ತಿದ್ದು ನಾನಂತೂ ಕಾಣೆ" ಎಂದ ಕದಿರ್.

"ನಿಮ್ಮಣ್ಣಂಗೆ ಹೊಟ್ಟೆನೋವು ಬಂದ್ರೆ ಊರಿಗೆಲ್ಲ ಕೇಳೋಹಾಗೆ ನರಳ್ತಿದ್ರು, ನಾನು ಬೇಕಿರ್ಲಿಲ್ಲ. ಇದು ಬಾಯಿಲ್ಲದ್ದು."

"ನಿನ್ನೆ ಚೆನ್ನಾಗೇ ಇತ್ತಲ್ಲ. ಏನು ತಿಂತು?"

ಅವಳು ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ಎಣಿಸುವಷ್ಟೇ ದಿನ ಉಳಿದ ಮೇಲೆ ಅವಳು ಕದ್ದು ಕದ್ದು ಜವೆಗೋಧಿ ಹೆಚ್ಚಿಸುತ್ತ ಬಂದಿದ್ದಳು. ಮೊದಲು ಒಂದು ಬೊಗಸೆ, ಆಮೇಲೆ ಎರಡು, ನಿನ್ನೆ ಸಂಜೆ ಮಡಿಲ ತುಂಬ. ತಿನ್ನುವಾಗ ಅದರ ತುಟಿಯ ಮುಳ್ಳುಗೂದಲು ಅಂಗೈಗೆ ತಾಗುತ್ತಿತ್ತು. ಕ್ಷೌರ ಮಾಡದ ಎಸೆನನ ಗಲ್ಲ ಹಾಗೇ ಇತ್ತು.

"ನಾನೇ ಕದಿರ್. ಜವೆಗೋಧಿ ಜಾಸ್ತಿ ಹಾಕ್ಬಿಟ್ಟೆ."

ಚೂರಿಯ ಸದ್ದು ನಿಂತಿತು.

"ನಾನೂ ಹಾಕ್ದೆ ಅತ್ತಿಗೆ" ಎಂದ ಕದಿರ್. "ನೀವು ಹಾಲು ಕರೆಯೋಕೆ ಹೋದಾಗ."

ಚೂರಿ ಬಂಡೆಯ ಮೇಲೇ ಉಳಿಯಿತು. ಅವನು ಬಂದು ಅವಳ ಕೈಯಿಂದ ಹಗ್ಗ ತೆಗೆದುಕೊಂಡ. ಅವನು ಮುಂದೆ, ಅವಳು ಪಕ್ಕೆ ತಿಕ್ಕುತ್ತ ಜೊತೆಗೆ.

ಸೂರ್ಯ ಗುಡ್ಡದ ನೆತ್ತಿಗೆ ತಾಗಿದಾಗ ಬುರುಲ್ಚಾ ಮತ್ತೆ ಕಿವಿ ಹಚ್ಚಿದಳು. ದೂರದಲ್ಲೆಲ್ಲೋ ಒಂದು ಸಣ್ಣ ಗುಳುಗುಳು. ಮತ್ತೊಂದು. ಆಮೇಲೆ ಜೀರ್ದೆ ಬಿಟ್ಟ ಗಾಳಿಗೆ ಮೇಲೆ ಹಾರುತ್ತಿದ್ದ ಹದ್ದು ದಿಕ್ಕು ತಪ್ಪಿ ಇನ್ನೂ ಗೂಡು ಸೇರಿಲ್ಲ. ಹಿಂದೆಯೇ ಹಬೆಯಾಡುವ ಲದ್ದಿ ದಬದಬ ಬಿತ್ತು. ಇಬ್ಬರೂ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಮೊದಲು ನಗು ನಿಲ್ಲಿಸಿದವನು ಕದಿರ್.

"ಯಾತಕ್ಕೆ ಉಳಿಸಿಕೊಂಡ್ವಿ ಅಂತ ಗೊತ್ತಲ್ಲ ಅತ್ತಿಗೆ."

"ಗೊತ್ತು. ಹನ್ನೊಂದು ದಿನಕ್ಕೆ."

ಅವನು ಚೂರಿಯನ್ನು ಒರೆಗೆ ಸೇರಿಸಿದ. "ಇನ್ನು ಬರೀ ಹುಲ್ಲು. ನೀವೂ ಹಾಕ್ಬೇಡಿ, ನಾನೂ ಹಾಕಲ್ಲ."

ಬುರುಲ್ಚಾ ಜವೆಗೋಧಿಯ ಚೀಲದ ಬಾಯಿ ಬಿಗಿದು ಅವನ ಹೆಗಲಿಗೇರಿಸಿದಳು. ಜೀರ್ದೆ ಹತ್ತಿರ ಬಂದು ಅವಳ ಖಾಲಿ ಅಂಗೈ ಮೂಸಿತು. ತುಟಿಯ ಮುಳ್ಳುಗೂದಲು ತಾಗಿತು. ಅವಳು ಕೈ ಹಿಂದಕ್ಕೆಳೆಯಲಿಲ್ಲ.