ಬೆಳಿಗ್ಗೆ ತಿಂದ ಮಾತ್ರೆ

ಭಾನುವಾರ ಹನ್ನೊಂದಕ್ಕೆ ವೆಬಿನಾರ್ ಶುರುವಾದಾಗ ದೀಪ್ತಿಯ ಪರದೆಯ ಮೇಲೆ ಅರುವತ್ತೆರಡು ಚೌಕಗಳಿದ್ದವು, ಮುಖಗಳು ಒಂಬತ್ತೇ. ಒಂದರಲ್ಲಿ ಫ್ಯಾನ್ ತಿರುಗುತ್ತಿತ್ತು. ಇನ್ನೊಂದರಲ್ಲಿ ಯಾರದೋ ಅಂಗಿ ಜೇಬಿನ ಕತ್ತಲೆ. ಕಳೆದ ತಿಂಗಳು ಒಂದು ಗಂಟೆ ಸ್ಲೈಡ್ ತೋರಿಸಿ, "ಎಲ್ಲರಿಗೂ ಅರ್ಥ ಆಯ್ತಾ?" ಎಂದು ಅವಳು ಕೇಳಿದ್ದಕ್ಕೆ ಉತ್ತರವಾಗಿ ಬಂದದ್ದು ಯಾರ ಮನೆಯದೋ ಕುಕ್ಕರಿನ ಸೀಟಿ.

ಪುತ್ತೂರಿನ ಆರೋಗ್ಯ ವಿಮಾ ಶಾಖೆಯೊಂದರಲ್ಲಿ ದೀಪ್ತಿ ತರಬೇತಿ ಅಧಿಕಾರಿ. ಪುತ್ತೂರು, ಸುಳ್ಯ, ಕಡಬದ ಏಜೆಂಟರಿಗೆ ತಿಂಗಳಿಗೊಮ್ಮೆ ಮೊಬೈಲಿನಲ್ಲೇ ಪಾಠ ಮಾಡುವುದು ಅವಳ ಕೆಲಸ. ಹದಿನೈದು ದಿನದ ಹಿಂದೆ, ಆಸ್ಪತ್ರೆಯಲ್ಲಿದ್ದ ಒಬ್ಬರ ಕ್ಲೇಮ್ ತಿರಸ್ಕೃತವಾಗಿತ್ತು. ಆರು ವರ್ಷದ ಸಕ್ಕರೆ ಕಾಯಿಲೆ. ಪಾಲಿಸಿಯ ಅರ್ಜಿಯಲ್ಲಿ, ಕಾಯಿಲೆಯ ಪ್ರಶ್ನೆಗೆ ಮಾತ್ರ 'ಇಲ್ಲ'. ಆ ಮನೆಯವರಿಗೆ ವಿಷಯ ತಿಳಿಸಬೇಕಾದವಳು ಅವಳೇ. ಆಮೇಲೆ ಅವಳು ಶಾಖೆಯ ನೂರು ಅರ್ಜಿಗಳನ್ನು ತೆಗೆದು ಪಟ್ಟಿ ಮಾಡಿದಳು. ತೊಂಬತ್ತೇಳು ಮಂದಿಗೆ ಯಾವ ರೋಗವೂ ಇರಲಿಲ್ಲ. ಇಷ್ಟು ಆರೋಗ್ಯವಂತ ಊರುಗಳಲ್ಲಿ ಇಷ್ಟೊಂದು ಔಷಧಿ ಅಂಗಡಿಗಳು ನಡೆಯುವುದು ಹೇಗೆ ಎಂದು ಅವಳಿಗೆ ಆಶ್ಚರ್ಯವಾಯಿತು.

ಕಾಯಿಲೆ ಮುಚ್ಚಿಡುವ ಈ ಅಭ್ಯಾಸ ನಿಲ್ಲಬೇಕಾದರೆ ಮೊದಲು ಸುಳ್ಯದ ಕುಶಾಲಪ್ಪ ಒಪ್ಪಬೇಕು. ಇಪ್ಪತ್ತೆರಡು ವರ್ಷದ ಏಜೆಂಟ್. ಅವರು ಮಾಡಿದ್ದನ್ನೇ ಉಳಿದವರೂ ಮಾಡುವುದು. ಪುತ್ತೂರಿನ ಹತ್ತಿರದ ಸವಣೂರಿನಲ್ಲಿ ಬಟ್ಟೆ ಹೊಲಿಯುವ ಆಯಿಶಮ್ಮನ ಅರ್ಜಿಯನ್ನು ಅವರು ಮರುದಿನ ಶಾಖೆಗೆ ತರುವವರಿದ್ದರು. ಅದರಲ್ಲೂ ಹನ್ನೊಂದು ಪ್ರಶ್ನೆಗೆ ಹನ್ನೊಂದು 'ಇಲ್ಲ'.

"ಮೇಡಂ, ನೀವು ಹೇಳುದು ಸರಿ," ಎಂದರು ಕುಶಾಲಪ್ಪ, ಮೂರನೇ ಸ್ಲೈಡಿಗೇ ತಡೆದು. "ಸಕ್ಕರೆ ಉಂಟು ಅಂತ ಬರೆದ್ರೆ ಪ್ರೀಮಿಯಂ ಮೇಲೆ ಹೋಗ್ತದೆ, ಟೆಸ್ಟ್ ಅಂತ ಎರಡು ವಾರ ಓಡಾಟ. ಅಷ್ಟರಲ್ಲಿ ಜನ ಪಾಲಿಸಿಯೇ ಬೇಡ ಅಂತಾರೆ. ಮತ್ತೆ, ಸುಳ್ಳು ಬರೆಯುದು ನಾನಲ್ಲ. ಕಾಯಿಲೆ ಉಂಟಾ ಕೇಳಿದ್ರೆ ಅವರೇ ಇಲ್ಲ ಅಂತಾರೆ. ನಾನೆಂತ ರಕ್ತ ತೆಗೆದು ನೋಡ್ಲಿಕ್ಕೆ ಆಗ್ತದಾ?"

ಕುಶಾಲಪ್ಪ ಹೇಳಿದ್ದರಲ್ಲಿ ನಿಜವಿತ್ತು. ಕೇಳುವ ಪ್ರಶ್ನೆಯಲ್ಲೇ ಏನೋ ತಪ್ಪಿದೆ. ದೀಪ್ತಿ ಸ್ಲೈಡ್ ಮುಚ್ಚಿದಳು.

"ಪಾಠ ಸಾಕು. ಒಂದು ಆಟ ಆಡುವ. ನಿಮ್ಮ ಮನೆಯಲ್ಲಿ ಇವತ್ತು ಬೆಳಿಗ್ಗೆ ಯಾರೆಲ್ಲ ಯಾವ ಮಾತ್ರೆ ತಿಂದ್ರೋ ಅದನ್ನೆಲ್ಲ ಕ್ಯಾಮೆರಾ ಎದುರು ತನ್ನಿ. ಎರಡು ನಿಮಿಷ ಟೈಮ್. ಜಾಸ್ತಿ ತಂದವರಿಗೆ ನನ್ನ ಕಡೆಯಿಂದ ಒಂದು ಬಾಟಲಿ ಜೇನು."

"ಸಕ್ಕರೆ ಮಾತ್ರೆ ತರುವವರಿಗೆ ಜೇನಾ ಮೇಡಂ?" ಎಂದು ಕಡಬದ ಹಕೀಮ್ ಕೇಳಿದ.

ಜೇಬಿನ ಕತ್ತಲೆ ಬೆಳಕಾಯಿತು. ಫ್ಯಾನಿನ ಜಾಗಕ್ಕೆ ಒಂದು ಮುಖ ಬಂತು. ಬಿಸ್ಕತ್ತಿನ ಡಬ್ಬಿ, ಊಟದ ಕ್ಯಾರಿಯರ್, ಕನ್ನಡಕದ ಪೆಟ್ಟಿಗೆ, ಒಬ್ಬರದು ಮದುವೆಯ ಸೀರೆಯ ಚೀಲ! ಎಲ್ಲದರಿಂದಲೂ ಮಾತ್ರೆಗಳು ಹೊರಬಂದವು. ಕುಶಾಲಪ್ಪನ ಹೆಂಡತಿ ಸೇವಂತಿ ದೊಡ್ಡ ಸ್ಟೀಲ್ ಡಬ್ಬಿಯನ್ನೇ ಹೊತ್ತು ತಂದರು.

"ಇದು ಇವರ ಬಿಪಿಯದ್ದು. ಇದು ಕೊಲೆಸ್ಟ್ರಾಲಿನದ್ದು. ಇದು ನನ್ನ ಥೈರಾಯ್ಡ್. ಇದು ಎಂತದ್ದು ಗೊತ್ತಿಲ್ಲ, ತಿಂದ್ರೆ ನಿದ್ದೆ ಬರ್ತದೆ."

"ನಮ್ಮದೇ ಫಸ್ಟ್!" ಕುಶಾಲಪ್ಪ ಡಬ್ಬಿ ಎತ್ತಿ ತೋರಿಸಿದರು.

"ಕುಶಾಲಪ್ಪಣ್ಣ, ಅದು ಮನೆಯಾ ಮೆಡಿಕಲ್ಲಾ?" ಹಕೀಮ್ ಬಿಡಲಿಲ್ಲ. "ನಿಮ್ಮ ಮನೆಯ ಪಾಲಿಸಿಯಲ್ಲಿ ಎಂತ ಬರ್ದಿದ್ದೀರಿ?"

ಕುಶಾಲಪ್ಪನ ಕೈ ನಿಧಾನ ಕೆಳಗಿಳಿಯಿತು. ಸೇವಂತಿ ಗಂಡನ ಮುಖ ನೋಡಿದರು. "ಹೇಳಿ, ಎಂತ ಬರ್ದಿದ್ದೀರಿ?"

"ಇಲ್ಲ ಅಂತ."

"ಇಷ್ಟು ವರ್ಷ ಊರಿಗೆಲ್ಲ ಧೈರ್ಯ ಹೇಳಿದ್ರಲ್ಲ! ನಾನು ನಾಳೆ ಆಸ್ಪತ್ರೆಯಲ್ಲಿ ಮಲಗಿದ್ರೆ ಎಂತ ಮಾಡುದು?"

ಮೈಕ್ ಆಫ್ ಮಾಡಲು ಯಾರಿಗೂ ನೆನಪಾಗಲಿಲ್ಲ. ಅಷ್ಟೂ ಮನೆಗಳ ನಗು ಒಟ್ಟಿಗೆ ಕೇಳಿತು. ಕುಶಾಲಪ್ಪನೂ ನಕ್ಕರು, ಆದರೆ ಬೇಗ ನಿಲ್ಲಿಸಿದರು. ಸೇವಂತಿಯ ಮೊಬೈಲ್ ತೆಗೆದುಕೊಂಡು ಸವಣೂರಿಗೆ ಕರೆ ಮಾಡಿ, ಸ್ಪೀಕರ್ ಹಾಕಿದರು.

"ಆಯಿಶಮ್ಮ, ಬೆಳಿಗ್ಗೆ ಎಂತ ಮಾತ್ರೆ ತಿಂದ್ರಿ?"

ಆ ಕಡೆ ಹೊಲಿಗೆ ಯಂತ್ರ ನಿಂತಿತು. "ನೀವು ಡಾಕ್ಟ್ರು ಆದದ್ದು ಯಾವಾಗ ಮಾರಾಯ್ರೆ? ಸಕ್ಕರೆಯದ್ದು. ನಾಲ್ಕು ವರ್ಷ ಆಯ್ತು."

"ಮೊನ್ನೆ ಕೇಳಿದಾಗ ಕಾಯಿಲೆ ಇಲ್ಲ ಅಂದ್ರಲ್ಲ!"

"ಕಾಯಿಲೆ ಎಲ್ಲಿ ಉಂಟು? ಮಾತ್ರೆ ತಿಂತೇನಲ್ಲ, ಈಗ ನಾರ್ಮಲ್."

ಮತ್ತೆ ನಗು ಎದ್ದಿತು. ಕುಶಾಲಪ್ಪ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಆಯಿಶಮ್ಮ, ಅದನ್ನು ಬರೆದ್ರೆ ಪ್ರೀಮಿಯಂ ಜಾಸ್ತಿ ಆಗ್ಬಹುದು, ಸಕ್ಕರೆಯ ಖರ್ಚು ಸಿಗ್ಲಿಕ್ಕೆ ಕೆಲವು ವರ್ಷ ಕಾಯ್ಬೇಕಾಗ್ಬಹುದು. ಬರೆಯದಿದ್ರೆ, ಬೇಕಾದ ಹೊತ್ತಿಗೆ ಒಂದು ಪೈಸೆಯೂ ಸಿಗದೆ ಹೋಗ್ಬಹುದು. ಪಾಲಿಸಿಯೇ ಬೇಡ ಅಂದ್ರೂ ನನಗೆ ಬೇಜಾರಿಲ್ಲ."

ದೀಪ್ತಿ ಪರದೆಯತ್ತ ಬಾಗಿ ಕಿವಿಗೊಟ್ಟಳು. ಆಯಿಶಮ್ಮ ಬೇಡ ಎಂದರೆ ಮುಂದಿನ ತಿಂಗಳು ಈ ಅರುವತ್ತೆರಡು ಮಂದಿ ಮತ್ತೆ ಹಳೆಯ ದಾರಿಗೇ.

"ಮೊದಲೇ ಹೀಗೆ ಬಿಡಿಸಿ ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು?" ಎಂದರು ಆಯಿಶಮ್ಮ. "ಬರೀರಿ. ಮೊಣಕಾಲಿಗೂ ಒಂದು ಮಾತ್ರೆ ಉಂಟು, ಅದನ್ನೂ ಬರೀರಿ. ಒಂದೂ ಬಿಡ್ಬೇಡಿ."

ಕುಶಾಲಪ್ಪ ಹೊಸ ಅರ್ಜಿ ತೆಗೆದರು. "ಮೇಡಂ, ನಮ್ಮ ಮನೆಯದ್ದನ್ನೂ ನಾಳೆ ಬರೆದು ತರ್ತೇನೆ. ಕಂಪನಿ ಎಂತ ಹೇಳ್ತದೋ ನೋಡುವ."

"ನೋಡುವ ಅಲ್ಲ, ನಾನೂ ಬರ್ತೇನೆ," ಎಂದರು ಸೇವಂತಿ.

ಹನ್ನೆರಡು ಗಂಟೆಯಾಯಿತು. ಸಮಯ ಮುಗಿಯಿತೆಂದು ದೀಪ್ತಿ ಹೇಳಿದರೂ ಯಾರೂ ಹೊರಹೋಗಲಿಲ್ಲ. ಒಂದೊಂದೇ ಚೌಕದಲ್ಲಿ ಮನೆಯವರ ಫೋನ್ ಏಜೆಂಟರ ಕಿವಿಗೇರಿತು. ತುಳುವಿನಲ್ಲಿ, ಅರೆಭಾಷೆಯಲ್ಲಿ, ಬ್ಯಾರಿಯಲ್ಲಿ ಗಿರಾಕಿಗಳಿಗೆ ಬೆಳಗಿನ ಮಾತ್ರೆಯ ಅದೇ ಪ್ರಶ್ನೆ ಶುರುವಾಯಿತು. ದೀಪ್ತಿ ತನ್ನ ಮೈಕ್ ಆಫ್ ಮಾಡಿ, ಕುರ್ಚಿಗೆ ಒರಗಿ ಕೇಳುತ್ತ ಕುಳಿತಳು.