ಹಿತ್ತಲಿನಲ್ಲೊಂದು ಒಲೆ

ನನ್ನ ಊಟದ ತಟ್ಟೆಗೆ ಆ ಮನೆಯಲ್ಲಿ ಎರಡು ಜಾಗಗಳಿದ್ದವು. ಅಮಾವಾಸ್ಯೆ ಕಳೆದ ಮೇಲೆ ಹುಣ್ಣಿಮೆಯವರೆಗೆ ಅದು ದೊಡ್ಡ ತಮ್ಮನ ಅಡುಗೆಮನೆಯ ಗೂಡಿನಲ್ಲಿರುತ್ತಿತ್ತು. ಹುಣ್ಣಿಮೆ ಕಳೆದರೆ ಹಿಂದಿನ ಜಗಲಿಯಲ್ಲಿ, ಚಿಕ್ಕ ತಮ್ಮನ ಹೆಂಡತಿ ಹಾಕಿಕೊಂಡ ಒಲೆಯ ಪಕ್ಕದಲ್ಲಿ. ಅಂಚು ಸೊಟ್ಟಗಾದ ಕಂಚಿನ ತಟ್ಟೆ ಅದು. ಅದನ್ನು ಹಿಡಿದು ನಡುಮನೆ ದಾಟುವಾಗ ನನಗೆ ಪ್ರತಿ ಸಲವೂ ಪರವೂರಿಗೆ ನಡೆದು ಹೋದಷ್ಟು ಆಯಾಸವಾಗುತ್ತಿತ್ತು.

ಗಂಡನನ್ನು ಕಳೆದುಕೊಂಡು ನಾನು ತವರಿಗೆ ಬಂದಾಗ ಅಪ್ಪ ಇದ್ದರು, ಮನೆಯಲ್ಲಿ ಒಲೆ ಒಂದೇ ಇತ್ತು. ಅಪ್ಪ ಹೋದ ಮೇಲೆ ತಮ್ಮಂದಿರ ಹೆಂಡತಿಯರಿಗೆ, ಅಂದರೆ ಹಿರಿಯಳಾದ ನಾಗಮ್ಮಣ್ಣಿಗೂ ಕಿರಿಯಳಾದ ದಾಕ್ಷಾಯಣಿಗೂ, ಒಂದು ಉಪ್ಪಿನಕಾಯಿ ಜಾಡಿಯ ವಿಷಯಕ್ಕೆ ಮಾತು ಬೆಳೆಯಿತು. ಬೆಳೆದ ಮಾತು ನಿಂತೇಹೋಯಿತು. ಪಾತ್ರೆಪಗಡ ಹಂಚಿಕೊಂಡರು, ಸೌದೆ ಹಂಚಿಕೊಂಡರು. ನನ್ನನ್ನು ಹಂಚುವುದು ಹೇಗೆಂದು ಸ್ವಲ್ಪ ದಿನ ತಲೆ ಕೆಡಿಸಿಕೊಂಡು, ಕೊನೆಗೆ ಪಕ್ಷಕ್ಕೊಬ್ಬರಂತೆ ಊಟ ಹಾಕುವುದೆಂದು ಗೊತ್ತುಮಾಡಿದರು.

ಇಬ್ಬರೂ ಕೆಟ್ಟವರಲ್ಲ. ಆದರೆ ಇವಳ ಎದುರು ಅವಳ ಸಾರನ್ನು ಹೊಗಳುವಂತಿಲ್ಲ, ಅವಳ ಎದುರು ಇವಳ ಪಲ್ಯವನ್ನು ನೆನೆಯುವಂತಿಲ್ಲ. ಇನ್ನೊಂದು ತುತ್ತು ಬೇಕೆಂದರೆ ಆಚೆಯವಳು ಅರೆಹೊಟ್ಟೆಗೆ ಹಾಕುತ್ತಾಳೆಂದು ದೂರಿದ ಹಾಗೆ. ಸಾಕೆಂದರೆ ಈಚೆಯವಳ ಅಡುಗೆಯನ್ನು ಹಳಿದ ಹಾಗೆ. ಹಸಿವನ್ನೂ ಅಳೆದು ತೂಗಿ ತೋರಿಸಬೇಕಾಗಿದ್ದ ಆ ಬದುಕು ನನಗೆ ಸಾಕುಸಾಕಾಗಿತ್ತು. ಊರ ಹೆಂಗಸರ ರವಿಕೆ ಹೊಲಿದು ಕೂಡಿಟ್ಟದ್ದರಲ್ಲಿ ಹಿತ್ತಲಿನ ಮೂಲೆಯಲ್ಲಿ ಒಂದು ಕೋಣೆಯನ್ನೂ ಒಂದು ಅಡುಗೆಮನೆಯನ್ನೂ ಕಟ್ಟಿಕೊಳ್ಳುತ್ತೇನೆಂದು ತಮ್ಮಂದಿರಿಗೆ ಹೇಳಿದೆ. ಕೋಣೆ ಇಲ್ಲದಿದ್ದರೂ ಹೇಗೋ ನಡೆಯುತ್ತಿತ್ತು. ನನಗೆ ಬೇಕಾಗಿದ್ದದ್ದು ಒಲೆ.

ಆ ಊರಿನಲ್ಲಿ ಹಿತ್ತಲಿನಲ್ಲಿ ಏನು ಕಟ್ಟಬೇಕಾದರೂ ಮೊದಲು ಪುರಸಭೆಯವರು ಬಂದು ಜಾಗ ನೋಡಬೇಕಿತ್ತು. ದೊಡ್ಡ ತಮ್ಮ ಗುರುಸಿದ್ದಪ್ಪ ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬಂದ. ಗಡಿಕಲ್ಲುಗಳು ಕಣ್ಣಿಗೆ ಕಾಣಬೇಕು, ಮಳೆನೀರು ಎತ್ತ ಹರಿಯುತ್ತದೆಂದು ತೋರಿಸಬೇಕು, ಇಟ್ಟಿಗೆ ಮರಳಿನ ಗಾಡಿ ಒಳಗೆ ಬರಲು ದಾರಿ ಇರಬೇಕು, ಬಾವಿಗೆ ತೀರಾ ಹತ್ತಿರ ಗೋಡೆ ಏಳಬಾರದು.

"ಇನ್ನೊಂದು ಮಾತು ಅಕ್ಕ," ಎಂದ. "ನಾವೆಲ್ಲ ಒಂದೇ ಸಂಸಾರ ಅಂತ ಕಾಣ್ಬೇಕಂತೆ. ಒಡೆದ ಮನೆ ಅಂತ ಗೊತ್ತಾದ್ರೆ ಅರ್ಜಿನ ಮೂಲೆಗೆ ಹಾಕ್ತಾರಂತೆ."

"ಯಾರು ಹೇಳಿದ್ದು?"

"ಕಚೇರಿ ಮುಂದೆ ಟೀ ಅಂಗಡಿ ಇದ್ಯಲ್ಲ, ಅವ್ನು. ಅವ್ನಿಗೆ ಗೊತ್ತಿಲ್ದೆ ಅಲ್ಲಿ ಒಂದು ಕಾಗದಾನೂ ಅಲ್ಲಾಡಲ್ಲ."

ಟೀ ಅಂಗಡಿಯವನ ಮಾತನ್ನು ನಾವು ವೇದವಾಕ್ಯವೆಂದು ನಂಬಿದೆವು. ಕಚೇರಿಯ ಒಳಗಿನವರನ್ನು ಇನ್ನೊಮ್ಮೆ ಕೇಳಿಕೊಂಡು ಬಾ ಎಂದು ಹೇಳುವ ಬುದ್ಧಿ ನನಗೂ ಬರಲಿಲ್ಲ.

ಹಿತ್ತಲೋ, ಕಾಲಿಡುವಂತಿರಲಿಲ್ಲ. ಹರಳುಗಿಡ ಆಳೆತ್ತರ ಬೆಳೆದಿತ್ತು. ಒಡೆದ ಹೆಂಚಿನ ರಾಶಿ, ತಳ ಹೋದ ಹಂಡೆ, ಅಪ್ಪನ ಕಾಲದಲ್ಲಿ ಎಮ್ಮೆಗೆಂದು ಇಟ್ಟಿದ್ದ ಕಲ್ಲುಬಾನಿ, ಯಾರೂ ಎಸೆಯಲು ಒಪ್ಪದ, ಯಾರಿಗೂ ಬೇಡವಾದ ಬಾಗಿಲಿನ ಚೌಕಟ್ಟು. ಗಂಡಸರು ಬೆಳಗಾದರೆ ಅಂಗಡಿಗೆ ಹೋಗುತ್ತಿದ್ದರು. ಉಳಿದವರು ನಾವು ಮೂವರು. ನಾನು ನಡುವೆ, ಅವರಿಬ್ಬರು ಅತ್ತಿತ್ತ.

"ಅತ್ತಿಗೆ, ಆ ಕುಡುಗೋಲು ಈ ಕಡೆ ಕೊಡೋಕೆ ಹೇಳಿ," ಎನ್ನುತ್ತಿದ್ದಳು ದಾಕ್ಷಾಯಣಿ. ಕುಡುಗೋಲು ನಾಗಮ್ಮಣ್ಣಿಯ ಕೈಯಲ್ಲಿರುತ್ತಿತ್ತು. ನಾಗಮ್ಮಣ್ಣಿ ಅವಳಿಂದ ಮಾರು ದೂರದಲ್ಲಿರುತ್ತಿದ್ದಳು.

"ಮೊನೆ ಹೋಗಿದೆ, ಹುಷಾರಾಗಿ ಕೊಯ್ಯೋಕೆ ಹೇಳಿ ಅತ್ತಿಗೆ," ಎಂದು ನಾಗಮ್ಮಣ್ಣಿ ನನ್ನ ಕೈಗೆ ಕೊಡುತ್ತಿದ್ದಳು. ನಾನು ಕೊಡುತ್ತಿದ್ದೆ, ಹೇಳುತ್ತಿದ್ದೆ. ಗಿಡ ಕಡಿಯುವುದಕ್ಕಿಂತ ಅವರ ಮಾತು ಹೊತ್ತು ತಿರುಗಿಯೇ ನನಗೆ ಸುಸ್ತಾಯಿತು. ಮೂಡಣ ಮೂಲೆಯ ಗಡಿಕಲ್ಲು ಎಷ್ಟು ಹುಡುಕಿದರೂ ಸಿಗದೆ, ಕೊನೆಗೆ ಹೆಂಚಿನ ರಾಶಿಯ ಅಡಿಯಲ್ಲಿ ಸಿಕ್ಕಿತು. ಅಷ್ಟೂ ಹೆಂಚನ್ನು ಆಚೆ ಸಾಗಿಸಿದ ಸಂಜೆ ನನ್ನ ಸೊಂಟ ನನ್ನ ಮಾತು ಕೇಳಲಿಲ್ಲ. ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸಿದೆ.

ಅಧಿಕಾರಿ ಬರುವ ಹಿಂದಿನ ದಿನ ದಾಕ್ಷಾಯಣಿ ಯಾರೂ ಹೇಳದೆಯೇ ಹಾರೆ ತಂದು ತನ್ನ ಒಲೆಯನ್ನು ಮೀಟಿದಳು. ತಾನೇ ಮಣ್ಣು ಕಲಸಿ ಹಾಕಿ, ಹಬ್ಬ ಹಬ್ಬಕ್ಕೂ ಕೆಮ್ಮಣ್ಣು ಬಳಿದು ಚೆನ್ನಾಗಿಟ್ಟುಕೊಂಡಿದ್ದ ಒಲೆ. ಕರಿ ಹಿಡಿದ ಹೆಂಟೆಗಳನ್ನು ಬುಟ್ಟಿಗೆ ತುಂಬಿ ಜಗಲಿಯ ಮೂಲೆಗೆ ತಳ್ಳಿ, ನೆಲ ಸಾರಿಸಿದಳು.

"ಒಡೆದೇಬಿಟ್ಯಲ್ಲೇ. ಮೇಲೊಂದು ಮೊರ ಮುಚ್ಚಿದ್ರೆ ಆಗ್ತಿತ್ತು," ಎಂದೆ.

"ಮೊರ ಎತ್ತಿ ನೋಡಿದ್ರೆ ಏನ್ ಮಾಡ್ತೀರಿ? ನಿಮ್ ಮನೆ ಆಗ್ಲಿ ಅತ್ತಿಗೆ. ಒಲೆ ಇನ್ನೊಂದು ಹಾಕ್ಕೊಂಡ್ರಾಯ್ತು."

ನನಗೆ ಅಳು ಬಂದುಬಿಟ್ಟಿತು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಹೊಗೆ ಎಂದೆ. ಅಲ್ಲಿ ಬೆಂಕಿಯೇ ಇರಲಿಲ್ಲ.

ಮರುದಿನ ಇಬ್ಬರೂ ಒಂದೇ ಒಲೆಯ ಮುಂದೆ ಕೂತರು. ನಾಗಮ್ಮಣ್ಣಿ ಅವರೆಕಾಳು ಬೇಯಿಸಿದಳು, ದಾಕ್ಷಾಯಣಿ ಮಸಾಲೆ ಅರೆದಳು. ಮಾತಿಲ್ಲದಿದ್ದರೂ ಕೈಗಳು ಒಂದನ್ನೊಂದು ಮರೆತಿರಲಿಲ್ಲ. ಇವಳು ಕೈ ಚಾಚುವ ಮೊದಲೇ ಅವಳು ಉಪ್ಪು ಮುಂದಿಡುತ್ತಿದ್ದಳು. ನನ್ನ ಸೊಟ್ಟ ತಟ್ಟೆ ಆ ದಿನ ಎಲ್ಲರ ತಟ್ಟೆಗಳ ನಡುವೆ ಕೂತಿತ್ತು. ನೋಡಿ ನಾನು ಸಂತೋಷಪಡಬೇಕಿತ್ತು. ಇವರು ಹೀಗೆಯೇ ಒಂದಾಗಿಬಿಟ್ಟರೆ ನಿನಗೆ ಬೇರೆ ಮನೆ ಯಾಕೆ ಎಂದು ಕೇಳುತ್ತಾರಲ್ಲ ಎಂದು ಹೆದರಿದೆ.

ಬಂದ ಅಧಿಕಾರಿ ಸಣ್ಣ ಮೈಯ, ಸಮಾಧಾನದ ಮನುಷ್ಯ. ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಳೆದರು. ಒಂದು ಕೊಡ ನೀರು ತರಿಸಿ ನೆಲಕ್ಕೆ ಸುರಿಸಿ, ಅದು ಹರಿದ ದಿಕ್ಕನ್ನು ನೋಡಿದರು. ಮನೆ ಏಳಬೇಕಾದ ಜಾಗಕ್ಕೆ ಸುಣ್ಣದ ಗೆರೆ ಎಳೆಸಿದರು. ನನ್ನ ಎದೆ ಹಗುರಾಯಿತು. ಆಮೇಲೆ ಅವರು ಒಳಗೆ ಬಂದು ಅಡುಗೆಮನೆಗೆ ಇಣುಕಿದರು.

"ಈ ಮನೆಗೆಲ್ಲ ಇದೊಂದೇ ಒಲೆಯಾ?"

"ಒಂದೇ ಸಾರ್. ಕೂಡು ಕುಟುಂಬ," ಎಂದ ಗುರುಸಿದ್ದಪ್ಪ, ಎದೆಯುಬ್ಬಿಸಿ.

"ಬಹಳ ಸಂತೋಷ. ಹಾಗಾದ್ರೆ ಹಿತ್ತಲಲ್ಲಿ ಕೋಣೆ ಕಟ್ಟಿಕೊಳ್ಳಿ. ಅಡುಗೆಮನೆಗೆ ಒಪ್ಪಿಗೆ ಕೊಡೋಕಾಗಲ್ಲ. ಒಂದು ಸಂಸಾರಕ್ಕೆ ಒಂದು ಒಲೆ ಅಂತ ನಮ್ಮಲ್ಲಿ ನಿಯಮ. ಮೊದಲಿಂದ ಬೇರೆ ಬೇರೆ ಅಡುಗೆ ಮಾಡ್ಕೊಂಡಿರೋ ಮನೆಯಾಗಿದ್ರೆ ಮಾತು ಬೇರೆ."

"ನನಗೆ ಬೇಕಾಗಿರೋದೇ ಒಲೆ ಸ್ವಾಮಿ," ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ. ಒಳಗಿದ್ದ ಇಬ್ಬರಿಗಂತೂ ಕೇಳಿಸಿತು.

ದಾಕ್ಷಾಯಣಿ ತಲೆಯೆತ್ತಿ ನಾಗಮ್ಮಣ್ಣಿಯನ್ನು ನೋಡಿದಳು. ಎಷ್ಟೋ ವರ್ಷಗಳ ಮೇಲೆ ಅವರು ಮುಖಕ್ಕೆ ಮುಖ ಕೊಟ್ಟು ನೋಡಿದ್ದನ್ನು ಕಂಡೆ. ನಾಗಮ್ಮಣ್ಣಿ ಸೌಟು ಕೆಳಗಿಟ್ಟು ಸೆರಗು ಸಿಕ್ಕಿಸಿಕೊಂಡಳು.

"ಕೂಡು ಕುಟುಂಬವಂತೆ!" ಎಂದು ದಾಕ್ಷಾಯಣಿ ದನಿ ಎತ್ತಿದಳು. "ಇವ್ರ ಕೈಯಲ್ಲಿ ನಾನು ಒಂದು ಹೊತ್ತೂ ಉಂಡಿಲ್ಲ ಸ್ವಾಮಿ. ಬನ್ನಿ, ನನ್ ಒಲೆ ತೋರಿಸ್ತೀನಿ. ನಿನ್ನೆ ತಾನೇ ಒಡೆದಿರೋದು."

"ತೋರ್ಸೇ, ತೋರ್ಸು! ಜಾಡಿ ಕದ್ದು ಬೇರೆ ಹೋದೋಳು ನೀನು!"

ಎಂಟು ಮನೆಗೆ ಕೇಳುವ ಹಾಗೆ ಶುರುವಾಯಿತು. ನಾಲ್ಕು ಜನರ ಎದುರು ಬಾಯಿ ಬಿಡದ ನಾಗಮ್ಮಣ್ಣಿ ಕೈ ತಿರುಗಿಸಿ ತಿರುಗಿಸಿ ಬೈದಳು. ನನಗಾಗಿ ಜಗಳ ಹೂಡಿದ್ದಾರೆಂದು ನನಗೆ ಅರ್ಥವಾಯಿತು, ನಗುವೂ ಬಂತು. ಉಪ್ಪಿನಕಾಯಿ ಮುಗಿಯಿತು, ಸೌದೆ ಮುಗಿಯಿತು. ಆಮೇಲೆ ನನ್ನ ಸರದಿ ಬಂತು.

"ನಿನ್ ಸರದೀಲಿ ಅತ್ತಿಗೆಗೆ ನೀರು ಸಾರು ಹಾಕ್ತೀಯ, ನನಗೆ ಗೊತ್ತಿಲ್ವಾ?" ಎಂದಳು ನಾಗಮ್ಮಣ್ಣಿ.

"ನಾನು ಹಾಕ್ತೀನಿ ಅನ್ನೋದಾದ್ರೂ ಇದೆ! ಹುಣ್ಣಿಮೆ ದಿನ ಬೆಳಕು ಹರಿಯೋ ಮೊದ್ಲೇ ಅವ್ರ ತಟ್ಟೆ ತಂದು ನನ್ ಬಾಗ್ಲಲ್ಲಿ ಇಡ್ತಿದ್ದೋಳು ಯಾರು? ಒಂದ್ ಹೊತ್ತು ಜಾಸ್ತಿ ಉಂಡುಬಿಡ್ತಾರೆ ಅಂತ!"

ನನ್ನ ನಗು ಅಲ್ಲೇ ನಿಂತಿತು.

ಅಧಿಕಾರಿ ಜಗಲಿಗೆ ಹೋಗಿ ಹೊಸದಾಗಿ ಸಾರಿಸಿದ ನೆಲವನ್ನೂ ಬುಟ್ಟಿಯಲ್ಲಿದ್ದ ಕರಿಮಣ್ಣನ್ನೂ ನೋಡಿ, ಅಡುಗೆಮನೆಗೆ ಒಪ್ಪಿಗೆ ಬರೆದು, ಊಟಕ್ಕೆ ನಿಲ್ಲದೆ ಚಪ್ಪಲಿ ಮೆಟ್ಟಿದರು. ಅವರು ಬೀದಿ ತಿರುಗಿದ್ದೇ ತಡ, ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕರು. ನಗುತ್ತಲೇ ನನ್ನ ಕಡೆ ತಿರುಗಿದರು.

"ಅದೆಲ್ಲ ಸುಮ್ನೆ ಅತ್ತಿಗೆ. ಅವ್ರು ನಂಬ್ಲಿ ಅಂತ," ಎಂದಳು ನಾಗಮ್ಮಣ್ಣಿ. ಅವಳ ಮುಖ ಕೆಂಪಾಗಿತ್ತು.

"ನನಗೆ ಗೊತ್ತಿಲ್ವೇನಮ್ಮ," ಎಂದೆ.

ಸುಮ್ಮನೆ ಅಲ್ಲವೆಂದು ಗೊತ್ತಿತ್ತು. ಅಷ್ಟು ಬೇಗ ಯಾರಿಗೂ ಅಂಥದ್ದು ಹೊಳೆಯುವುದಿಲ್ಲ. ತಮ್ಮ ಮಾನ ಕಳೆದುಕೊಂಡು ನನಗೆ ಒಲೆ ಕೊಡಿಸಿದವರೂ ಅವರೇ, ನನ್ನ ತುತ್ತು ಲೆಕ್ಕ ಹಾಕಿದವರೂ ಅವರೇ. ಯಾವುದಕ್ಕೆ ಮೊದಲು ಅಳಬೇಕೆಂದು ತಿಳಿಯದೆ ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದೆ.

ಸಂಜೆ ಅಂಗಡಿಗೆ ಹೋಗಿ ಒಂದು ಮಡಕೆಯನ್ನೂ ಅಕ್ಕಿಯನ್ನೂ ತಂದೆ. ಸುಣ್ಣದ ಗೆರೆಯೊಳಗೆ ಮೂರು ಕಲ್ಲು ಹೂಡಿ, ಕಡಿದು ಒಣಗಿದ್ದ ಹರಳಿನ ಕಡ್ಡಿಗೆ ಬೆಂಕಿ ಹಚ್ಚಿದೆ. ಎರಡು ಬಾಗಿಲುಗಳಿಂದ ಒಟ್ಟಿಗೇ ಕರೆ ಬಂತು: "ಅತ್ತಿಗೆ, ಊಟಕ್ಕೆ ಬನ್ನಿ!"

"ನೀವು ಉಣ್ರಮ್ಮ. ನಾನು ಇಲ್ಲೇ ಮಾಡ್ಕೊತೀನಿ," ಎಂದೆ. ಸಿಟ್ಟಿನಿಂದಲ್ಲ. ಎದ್ದು ಹೋಗುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಒಬ್ಬಳಿಗೆ ಎಷ್ಟು ಅಕ್ಕಿ ಬೇಕೆಂದು ನನಗೆ ಅಂದಾಜಿರಲಿಲ್ಲ. ಯಾವತ್ತೂ ಒಬ್ಬಳಿಗೆಂದು ಬೇಯಿಸಿದವಳಲ್ಲ. ಹೆಚ್ಚಾಗಿಯೇ ಹಾಕಿದೆ. ಅನ್ನ ಉಕ್ಕಿ ಅರ್ಧ ಬೆಂಕಿ ಆರಿತು. ಊದಿ ಊದಿ ಮತ್ತೆ ಹೊತ್ತಿಸಿ, ಇಳಿಸಿ, ಉಪ್ಪು ಕಲಸಿ ಮಡಕೆಯಿಂದಲೇ ಉಂಡೆ. ಸಾಕೆನಿಸಿದ ಮೇಲೆ ಇನ್ನೊಂದು ತುತ್ತು ಉಂಡೆ. ಉಳಿದದ್ದಕ್ಕೆ ನೀರು ಹಾಕಿ, ಬೆಳಗ್ಗೆಗೆ ನನಗೇ ಆಗುತ್ತದೆಂದು, ಬೆಚ್ಚಗಿನ ಬೂದಿಯ ಪಕ್ಕದಲ್ಲಿ ಮುಚ್ಚಿಟ್ಟೆ.